ಮುರಿದ ಗಾಲಿಯ ಹೊಣೆ

ಎತ್ತಿನ ಗಾಡಿಯೊಂದು ಸಂತೆಯಿಂದ ಊರಿಗೆ ಹಿಂದಿರುಗುತ್ತಿರುವಾಗ ಗಾಲಿ ಮುರಿದು, ಗಾಡಿಯಲ್ಲಿದ್ದವನು ಕೆಳಗುರುಳಿ ಕಾಲು ಮುರಿದುಕೊಂಡನೆಂದು ಇಟ್ಟುಕೊಳ್ಳಬಹುದು. ಅವನ ಔಷಧೋಪಚಾರದ ವೆಚ್ಚವನ್ನು ಕೊಡತಕ್ಕವರು ಯಾರು? ಗಾಡಿಯನ್ನು ಹೊಡೆದವನೆ? ಗಾಡಿಯ ಒಡೆಯನೆ? ಅದನ್ನು ಮಾರಿದವನೆ? ಹುಳುಕು ಮರದಿಂದ ಗಾಲಿಯನ್ನು ಮಾಡಿದ ಬಡಗಿಯೆ? ಅಥವಾ ಇವರಾರೂ ಅಲ್ಲದೆ, ಬಿದ್ದವನ ದೈವವೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಿರಬೇಕೆ?

ಊರ ಕಟ್ಟೆಯ ಮೇಲೆ ಕುಳಿತವರು ಹೊತ್ತು ಕಳೆಯುವುದಕ್ಕಾಗಿ ಎತ್ತಿಕೊಳ್ಳುವ ಪ್ರಶ್ನೆಯಂತೆ ಇದು ಮೇಲುನೋಟಕ್ಕೆ ತೋರಬಹುದು. ಆದರೆ ಇಂಗ್ಲೆಂಡು, ಸ್ಕಾಟ್‌ಲೆಂಡು, ಅಮೆರಿಕಾ ದೇಶಗಳ ದೊಡ್ಡ ದೊಡ್ಡ ನ್ಯಾಯಾಧೀಶರು ಇದೇ ಪ್ರಶ್ನೆಯನ್ನು ಕುರಿತು ನೂರು ವರ್ಷಗಳಿಗೂ ಮಿಗಿಲಾಗಿ ಚರ್ಚಿಸಿದ್ದಾರೆ. ನಮ್ಮ ದೇಶದ ಶಾಸನಸಭೆಯು ಇದಕ್ಕೆ ನೇರವಾದ ಉತ್ತರವನ್ನು ಬರೆದಿಟ್ಟದ್ದು ೨೦೧೯ರಲ್ಲಿ ಮಾತ್ರ. ಇಂದಿನ ಗೃಹಸ್ಥನ ಮನೆಯಲ್ಲಿರುವ ಅನಿಲದ ಒಲೆ, ವಿದ್ಯುತ್ತಿನ ಇಸ್ತ್ರಿಪೆಟ್ಟಿಗೆ, ಔಷಧದ ಸೀಸೆ, ಮಗುವಿನ ಆಟಿಕೆ, ಇವುಗಳಲ್ಲಿ ಒಂದನ್ನಾದರೂ ಮಾಡಿದವನ ಮುಖವನ್ನು ಆ ಗೃಹಸ್ಥನು ಕಂಡಿರುವುದಿಲ್ಲ. ಅವುಗಳಲ್ಲೊಂದು ಕೆಟ್ಟು ಮನೆಯವರಿಗೆ ಗಾಯವಾದರೆ ಕೇಳತಕ್ಕದ್ದು ಯಾರನ್ನು ಎಂಬುದು ಎಲ್ಲರಿಗೂ ಸಂಬಂಧಪಟ್ಟ ಮಾತು. ಆದುದರಿಂದ ಈ ವಿಚಾರವು ಬೆಳೆದು ಬಂದ ಬಗೆಯನ್ನು ತಿಳಿಯುವುದು ಯುಕ್ತವಾಗಿದೆ.

ಧರ್ಮಶಾಸ್ತ್ರದ ಮಾತು

ಮುರಿದ ಗಾಲಿಯ ಪ್ರಸ್ತಾಪವು ನಮ್ಮ ಸ್ಮೃತಿಗಳಲ್ಲಿಯೇ ಇದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಬಂಡಿಯಿಂದ ಆಗುವ ಹಿಂಸೆಯನ್ನು ವಿಚಾರಿಸುತ್ತ, ದಂಡಕ್ಕೆ ಅವಕಾಶವಿಲ್ಲದ ಹತ್ತು ಸಂದರ್ಭಗಳನ್ನು ಎಣಿಸುತ್ತದೆ. ಮೂಗುದಾರ ಕಿತ್ತುಹೋಗುವುದು, ನೊಗ ಮುರಿಯುವುದು, ಬಂಡಿಯು ಅಡ್ಡಡ್ಡ ತಿರುಗುವುದು, ಅಚ್ಚು ಮುರಿಯುವುದು, ಚಕ್ರ ಮುರಿಯುವುದು, ಹಗ್ಗ ಹರಿಯುವುದು, ಸಾರಥಿಯು 'ದಾರಿ ಬಿಡಿ' ಎಂದು ಕೂಗಿಯೂ ಜನರು ಸರಿಯದಿರುವುದು ಮೊದಲಾದುವು ಅವು. ಈ ಸಂದರ್ಭಗಳಲ್ಲಿ ಹೊಡೆಯುವವನಿಗಾಗಲಿ ಒಡೆಯನಿಗಾಗಲಿ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಬಂಡಿಯು ದಾರಿ ತಪ್ಪಿ ಹಿಂಸೆಯಾದರೆ ಒಡೆಯನು ಇನ್ನೂರು ಪಣ ತೆರಬೇಕು. ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ದಂಡವು ಅವನದು. ಅಕುಶಲನೆಂದು ತಿಳಿದೂ ಅವನ ಬಂಡಿಯನ್ನು ಏರಿದವರು ತಲೆಗೆ ನೂರು ಪಣದಂತೆ ತೆರಬೇಕು. ಹೀಗೆ ಸಾರಥಿ, ಸ್ವಾಮಿ, ಪ್ರಯಾಣಿಕ ಈ ಮೂವರ ಹೊಣೆಯನ್ನು ಅಳೆದು ತೂಗಿ ಹೇಳಿದ ಶಾಸ್ತ್ರವು ಚಕ್ರವನ್ನು ಮಾಡಿದ ಬಡಗಿಯ ಮಾತನ್ನು ಅಲ್ಲಿ ಎತ್ತುವುದಿಲ್ಲ.

ಇಷ್ಟರಿಂದಲೇ ನಮ್ಮ ಪೂರ್ವಿಕರು ಕೆಟ್ಟ ಸರಕಿನ ವಿಷಯದಲ್ಲಿ ಉದಾಸೀನರಾಗಿದ್ದರೆಂದು ತಿಳಿಯಕೂಡದು. ಯಾಜ್ಞವಲ್ಕ್ಯ ಸ್ಮೃತಿಯು ಔಷಧ, ಎಣ್ಣೆ ತುಪ್ಪ, ಉಪ್ಪು, ಗಂಧದ್ರವ್ಯ, ಧಾನ್ಯ, ಬೆಲ್ಲ ಮುಂತಾದುವುಗಳಲ್ಲಿ ಹೀನವಸ್ತುವನ್ನು ಬೆರಸಿ ಮಾರುವವನಿಗೆ ಹದಿನಾರು ಪಣ ದಂಡವನ್ನು ವಿಧಿಸುತ್ತದೆ. ದೋಷವುಳ್ಳ ಪದಾರ್ಥವನ್ನು ನಿರ್ದೋಷವೆಂದು ಮಾರಿದವನು ಬೆಲೆಯ ಎರಡರಷ್ಟನ್ನು ತೆರಬೇಕು. ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡುವುದಕ್ಕೆ ಗಡುವುಗಳೂ ಉಂಟು. ಬಿತ್ತನೆಯ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೂಡುವ ಎತ್ತಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿ, ಭರತಖಂಡದ ಬಹುಭಾಗಕ್ಕೆ ಪ್ರಮಾಣವಾಗುವಂತೆ ಮಾಡಿದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಬಾಳಿದವನೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಮೇಲಾಗಿ, ಒಬ್ಬನ ಶರೀರಕ್ಕೆ ನೋವುಂಟುಮಾಡಿದವನು ರಾಜನಿಗೆ ದಂಡ ತೆತ್ತರೆ ಸಾಲದು, ನೊಂದವನು ಎದ್ದು ಓಡಾಡುವಂತಾಗುವವರೆಗಿನ ಖರ್ಚನ್ನೂ ಕೊಡಬೇಕೆಂಬ ವಿಧಿಯುಂಟು. ಇದಕ್ಕೆ 'ಸಮುತ್ಥಾನವ್ಯಯ'ವೆಂದು ಹೆಸರು. ಬಿದ್ದವನು ಏಳುವುದಕ್ಕೆ ತಗಲುವ ವೆಚ್ಚ ಎಂದು ಅದರ ಅರ್ಥ. ಇಂದಿನ ನ್ಯಾಯಸ್ಥಾನಗಳು ಪರಿಹಾರವೆಂದು ಕರೆಯುವುದಕ್ಕೆ ಇದಕ್ಕಿಂತ ಸೊಗಸಾದ ಹೆಸರು ದೊರೆಯುವುದು ಕಷ್ಟ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದುವರಿದ ಮಾತಿದೆ. ಸಾಕಷ್ಟು ಆಳುಗಳಿಲ್ಲದೆಯೋ ಸಲಕರಣೆಯಿಲ್ಲದೆಯೋ, ಅಥವಾ ಸರಿಯಾಗಿ ದುರಸ್ತು ಮಾಡದೆಯೋ ಬಿಟ್ಟ ನಾವೆಯು ಮುಳುಗಿದರೆ, ಹೋದ ಸರಕಿನ ಬೆಲೆಯನ್ನು ನಾವಧ್ಯಕ್ಷನೇ ತುಂಬಿಕೊಡಬೇಕು. ಬಂಡಿಯ ಚಕ್ರ ಮುರಿದುದು ಆಕಸ್ಮಿಕ, ನಾವೆಯ ಬಿರುಕನ್ನು ಮುಚ್ಚದಿದ್ದುದು ಅಪರಾಧ! ಇವೆರಡಕ್ಕೂ ಭೇದವೇನು? ಬಂಡಿಯು ಊರ ಬಡಗಿಯ ಕೆಲಸ. ಅವನ ಮನೆ ಎರಡು ಬೀದಿಯಾಚೆ. ಗಾಲಿ ಹೇಗಿದೆಯೆಂದು ಕೊಂಡವನು ತಟ್ಟಿ ನೋಡಬಲ್ಲನು. ಕೆಟ್ಟರೆ ಬಡಗಿಯನ್ನು ಹತ್ತು ಜನರ ಮುಂದೆ ನಿಲ್ಲಿಸಿ ಕೇಳಬಲ್ಲನು. ನಾವೆಯನ್ನು ಏರುವವನಾದರೋ ಅದರ ತಳವನ್ನು ಕಾಣಲಾರನು. ನಡುಹೊಳೆಯಲ್ಲಿ ಇಳಿದು ಹೋಗಲೂ ಆರನು. ಕಾಣಲಾರದವನ ಪರವಾಗಿ ಕಾಣಬಲ್ಲವನು ಹೊಣೆಯಾಗತಕ್ಕದ್ದು ಎಂಬ ತತ್ತ್ವವು ಈ ನಾವೆಯ ವಿಧಿಯಲ್ಲಿ ಬೀಜರೂಪವಾಗಿ ಅಡಗಿದೆ. ಆ ಬೀಜವು ಮೊಳೆತು ಮರವಾದುದು ಬೇರೆ ನೆಲದಲ್ಲಿ.

ಟಪ್ಪಾಲು ಗಾಡಿಯ ವ್ಯಾಜ್ಯ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಂತ್ರಗಳು ಹೆಚ್ಚಿ, ಒಂದೂರಿನಲ್ಲಿ ಮಾಡಿದ ಸರಕು ಇನ್ನೊಂದೂರಿನಲ್ಲಿ ಮಾರಾಟವಾಗತೊಡಗಿತು. ಆದರೆ ನ್ಯಾಯಶಾಸ್ತ್ರವು ಹಳೆಯ ಸಂತೆಯ ನೀತಿಯನ್ನೇ ಹಿಡಿದಿತ್ತು. ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದು, ಮಾರಿದವನ ಮೇಲೆ ಹಕ್ಕು ಇರುವುದು ಅವನೊಡನೆ ಕರಾರು ಮಾಡಿಕೊಂಡವನಿಗೆ ಮಾತ್ರ. ಕರಾರಿನ ಹೊರಗಿರುವವನು ಸತ್ತರೂ ಕೆಟ್ಟರೂ ಅವನ ಮಾತು ನ್ಯಾಯಸ್ಥಾನದಲ್ಲಿ ನಡೆಯದು.

೧೮೪೨ರಲ್ಲಿ ತೀರ್ಮಾನವಾದ ವಿಂಟರ್‌ಬಾಟಮ್ ಎಂಬವನ ವ್ಯಾಜ್ಯವು ಈ ನೀತಿಗೆ ಕಲ್ಲಿನ ಗೋಡೆ ಕಟ್ಟಿತು. ಅವನು ಟಪ್ಪಾಲು ಗಾಡಿಯ ಸಾರಥಿ. ಗಾಡಿಯನ್ನು ಒದಗಿಸಿ ಸುಸ್ಥಿತಿಯಲ್ಲಿ ಇಡುವುದಾಗಿ ರೈಟ್ ಎಂಬವನು ಪೋಸ್ಟ್‌ಮಾಸ್ಟರ್ ಜನರಲರಿಗೆ ಕರಾರು ಬರೆದುಕೊಟ್ಟಿದ್ದನು. ಕುದುರೆ ಮತ್ತು ಆಳುಗಳನ್ನು ಒದಗಿಸುವ ಕರಾರು ಇನ್ನೊಬ್ಬನದು. ವಿಂಟರ್‌ಬಾಟಮನು ಆ ಇನ್ನೊಬ್ಬನ ಆಳು. ದಾರಿಯಲ್ಲಿ ಗಾಡಿಯು ಒಳದೋಷದಿಂದ ಕುಸಿಯಿತು. ಸಾರಥಿಯು ಪೀಠದಿಂದ ಎಸೆಯಲ್ಪಟ್ಟು ಜೀವಾವಧಿ ಕುಂಟನಾದನು. ಅವನು ರೈಟನ ಮೇಲೆ ದಾವೆ ಹೂಡಿದನು. ರೈಟನು ಗಾಡಿಯನ್ನು ಸರಿಯಾಗಿಟ್ಟಿದ್ದನೇ ಇಲ್ಲವೇ ಎಂಬ ವಿಚಾರಣೆಯೇ ನಡೆಯಲಿಲ್ಲ. ಕರಾರು ಇದ್ದುದು ಪೋಸ್ಟ್‌ಮಾಸ್ಟರ್ ಜನರಲರೊಡನೆ. ಆದುದರಿಂದ ಸಾರಥಿಗೆ ಕೇಳುವ ಹಕ್ಕೇ ಇಲ್ಲವೆಂದು ನ್ಯಾಯಾಧೀಶರು ಅವನನ್ನು ಹಿಂದಕ್ಕೆ ಕಳುಹಿಸಿದರು.

ಈ ತೀರ್ಪಿನ ಬೆನ್ನಿಗಿದ್ದುದು ಒಂದು ಭಯ. ಅದೇ ವರ್ಷದ ಮೇ ೮ರಂದು ಫ್ರಾನ್ಸಿನಲ್ಲಿ, ವರ್ಸೇಲ್ಸಿನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲುಗಾಡಿಯ ಎಂಜಿನಿನ ಅಚ್ಚು ಮುರಿದು, ಡಬ್ಬಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಡಬ್ಬಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರಿಂದ ಅನೇಕರಿಗೆ ಹೊರಗೆ ಬರುವುದಕ್ಕೂ ಆಗಲಿಲ್ಲ. ಪ್ರತಿವಾದಿಯ ವಕೀಲರು ಇದನ್ನೇ ಎತ್ತಿ ತೋರಿಸಿದರು. ಈ ಸಾರಥಿಗೆ ಹಕ್ಕು ಕೊಟ್ಟರೆ, ವರ್ಸೇಲ್ಸಿನಲ್ಲಿ ನೊಂದ ಪ್ರತಿಯೊಬ್ಬನೂ ಅಚ್ಚನ್ನು ಮಾಡಿದ ಕಮ್ಮಾರನ ಮೇಲೆ ದಾವೆ ತರಬಹುದಾಗುತ್ತದೆ ಎಂಬುದು ಅವರ ವಾದ. ಹಾಗಾದರೆ ವ್ಯಾಜ್ಯಗಳಿಗೆ ಮೇರೆಯೇ ಇರುವುದಿಲ್ಲವೆಂದು ನ್ಯಾಯಾಧೀಶ ಲಾರ್ಡ್ ಆಬಿಂಜರರು ಬೆದರಿದರು.

ಈ ಭಯವನ್ನು ಬರಿಯ ಹೃದಯಹೀನತೆಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ತರ್ಕದಲ್ಲಿ ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸದೆ ಸಿದ್ಧಾಂತವನ್ನು ಹೇಳುವುದು ತರವಲ್ಲ. ಒಬ್ಬ ಕಮ್ಮಾರನ ಒಂದು ಕ್ಷಣದ ಅಜಾಗರೂಕತೆಗೆ ಅವನ ಮನೆಮಾರುಗಳೆಲ್ಲ ಹರಾಜಾಗುವಂತಿದ್ದರೆ ಕುಲುಮೆಗೆ ಕೈ ಹಾಕುವವರು ಯಾರು? ಯಾರಿಗೆ ಎಷ್ಟು ಹೊಣೆಯೆಂದು ಮೊದಲೇ ತಿಳಿಯದಿದ್ದರೆ ವ್ಯಾಪಾರ ನಡೆಯುವ ಬಗೆ ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹೇಳಲೇಬೇಕಾಗಿತ್ತು. ಉತ್ತರವು ಸಿಕ್ಕುವುದಕ್ಕೆ ತೊಂಬತ್ತು ವರ್ಷಗಳು ಹಿಡಿದುವು.

ಗೋಡೆಯಲ್ಲಿ ಬಿರುಕು

ಮೊದಲ ಬಿರುಕು ಬಿಟ್ಟುದು ಅಮೆರಿಕಾದ ನ್ಯೂಯಾರ್ಕ್ ಸಂಸ್ಥಾನದಲ್ಲಿ. ಕಾಯಿಲೆ ಬಿದ್ದ ಗೃಹಿಣಿಯೊಬ್ಬಳಿಗೆ ಡ್ಯಾಂಡೆಲಿಯನ್ ಎಂಬ ನಿರಪಾಯವಾದ ಮೂಲಿಕೆಯ ಸತ್ತ್ವವನ್ನು ಕೊಡಬೇಕೆಂದು ವೈದ್ಯನು ಹೇಳಿದನು. ಗಂಡನು ಅಂಗಡಿಯಿಂದ ತಂದನು. ಭರಣಿಯ ಮೇಲಿನ ಚೀಟಿಯಲ್ಲಿ ಡ್ಯಾಂಡೆಲಿಯನ್ ಎಂದೇ ಇತ್ತು; ಒಳಗಿದ್ದುದು ಬೆಲಡೋನಾ ಎಂಬ ವಿಷ. ಆಕೆಯ ಪ್ರಾಣವು ಹೋಗುವ ಸ್ಥಿತಿಗೆ ಬಂದು ಹೇಗೋ ಉಳಿಯಿತು. ತಪ್ಪು ಚೀಟಿಯನ್ನು ಅಂಟಿಸಿದ್ದು ಊರಿನ ಅಂಗಡಿಯವನಲ್ಲ, ಅವನಿಗೆ ಮಾರಿದವನೂ ಅಲ್ಲ. ನಗರದಲ್ಲಿ ಔಷಧವನ್ನು ತಯಾರಿಸುತ್ತಿದ್ದ ವಿಂಚೆಸ್ಟರ್ ಎಂಬವನ ಕಡೆಯವರು. ಆ ಗೃಹಿಣಿಗೂ ವಿಂಚೆಸ್ಟರನಿಗೂ ಕರಾರೇನೂ ಇಲ್ಲ. ಆದರೂ ೧೮೫೨ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಸ್ಥಾನವು ಅವನೇ ಹೊಣೆಯೆಂದು ತೀರ್ಮಾನಿಸಿತು. ವಿಷಕ್ಕೆ ಅಮೃತದ ಹೆಸರಿಟ್ಟು ಲೋಕಕ್ಕೆ ಕಳುಹಿಸಿದವನಿಗೆ, ಅದರಿಂದ ಒಂದು ಜೀವಕ್ಕೆ ಅಪಾಯ ಬರುವುದೆಂಬುದು ತಿಳಿದೇ ಇರಬೇಕು. ಅಲ್ಲಿ ಕರಾರಿನ ಮಾತಿಗೆ ಎಡೆಯಿಲ್ಲ ಎಂಬುದು ನ್ಯಾಯಾಧೀಶರ ಯುಕ್ತಿ.

ಹೀಗೆ ವಿಷ, ಸಿಡಿಮದ್ದು ಮೊದಲಾದ ಸ್ವಭಾವತಃ ಅಪಾಯಕರ ವಸ್ತುಗಳಿಗೆ ಒಂದು ಅಪವಾದ ಹುಟ್ಟಿತು. ಆದರೆ ಗಾಡಿಯ ಗಾಲಿಯು ವಿಷವೆ? ಸಿಡಿಮದ್ದೆ? ಅಲ್ಲವಷ್ಟೆ. ಆದುದರಿಂದ ಗಾಲಿಯ ಪ್ರಶ್ನೆಯು ಇದ್ದಲ್ಲಿಯೇ ಉಳಿಯಿತು.

ಮೋಟಾರಿನ ಗಾಲಿ

ಆ ಗಾಲಿಯು ಮತ್ತೆ ಮುರಿದುದು ೧೯೧೦ರಲ್ಲಿ, ಅದೇ ನ್ಯೂಯಾರ್ಕ್ ಸಂಸ್ಥಾನದ ಸಾರಟೋಗಾ ಸ್ಪ್ರಿಂಗ್ಸ್ ಎಂಬ ಊರಿನ ದಾರಿಯಲ್ಲಿ. ಮ್ಯಾಕ್‌ಫರ್ಸನ್ ಎಂಬ ಕಲ್ಲುಕೆಲಸದವನು ಬ್ಯೂಯಿಕ್ ಕಂಪೆನಿಯ ಮೋಟಾರನ್ನು ಅಂಗಡಿಯೊಂದರಿಂದ ಕೊಂಡಿದ್ದನು. ಕಾಯಿಲೆಯಾಗಿದ್ದ ನೆರೆಯವನೊಬ್ಬನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿರುವಾಗ, ಹಿಂದಿನ ಗಾಲಿಯ ಮರದ ಅರಗಳು ಪುಡಿಯಾಗಿ ಮೋಟಾರು ಉರುಳಿತು. ಅವನು ಅದರಡಿಯಲ್ಲಿ ಸಿಕ್ಕಿ ಗಾಯಗೊಂಡನು. ಕಂಪೆನಿಯು ಎರಡು ಮಾತು ಹೇಳಿತು. ಮೊದಲನೆಯದು, ಮೋಟಾರನ್ನು ಅವನಿಗೆ ಮಾರಿದವನು ಅಂಗಡಿಯವನು, ಕಂಪೆನಿಯಲ್ಲ. ಎರಡನೆಯದು, ಗಾಲಿಯನ್ನು ಮಾಡಿದುದೂ ಕಂಪೆನಿಯಲ್ಲ. ಹೆಸರುವಾಸಿಯಾದ ಬೇರೊಂದು ಕಾರ್ಖಾನೆಯಿಂದ ಅದನ್ನು ತರಿಸಿಕೊಂಡದ್ದು. ಮುಖ್ಯ ನ್ಯಾಯಾಧೀಶರಾದ ಬಾರ್ಟ್‌ಲೆಟ್ಟರು ವಿಂಟರ್‌ಬಾಟಮನ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಕಂಪೆನಿಯ ಪಕ್ಷ ವಹಿಸಿದರು.

೧೯೧೬ರ ಮಾರ್ಚಿಯಲ್ಲಿ ಬಹುಮತದ ತೀರ್ಪನ್ನು ಬರೆದವರು ಬೆಂಜಮಿನ್ ಕಾರ್ಡೋಜೋ. ಅವರ ವಿಚಾರಸರಣಿಯು ಸರಳವಾದುದು. ಗಂಟೆಗೆ ಐವತ್ತು ಮೈಲಿ ಓಡುವುದಕ್ಕೆಂದು ಮಾಡಿದ ವಾಹನಕ್ಕೆ ಗಾಲಿ ಗಟ್ಟಿಯಿಲ್ಲದಿದ್ದರೆ ಅಪಾಯವು ನಿಶ್ಚಯ. ಸ್ವಭಾವತಃ ವಿಷವಾಗಿರುವುದೊಂದೇ ಅಪಾಯವಲ್ಲ. ಅಜಾಗರೂಕತೆಯಿಂದ ಮಾಡಿದರೆ ಜೀವಕ್ಕೆ ಎರವಾಗುವಂಥ ಪ್ರತಿಯೊಂದು ವಸ್ತುವೂ ಅಪಾಯಕರವೇ. ಅಂಗಡಿಯವನು ಮೋಟಾರನ್ನು ಕೊಳ್ಳುವುದು ಮಾರುವುದಕ್ಕಾಗಿ; ಅದರಲ್ಲಿ ಕುಳಿತು ಓಡಾಡುವವನು ಬೇರೊಬ್ಬನೆಂದು ಕಂಪೆನಿಗೆ ಗೊತ್ತೇ ಇದೆ. ಹೀಗಿರುವಾಗ, ಓಡಾಡುವವನನ್ನು ಬಿಟ್ಟು ಅಂಗಡಿಯವನೊಬ್ಬನಿಗೆ ಮಾತ್ರ ಹೊಣೆಯೆನ್ನುವುದು ಅಸಂಬದ್ಧ. ಗಾಲಿಯನ್ನು ಬೇರೆ ಕಾರ್ಖಾನೆಯಿಂದ ತಂದುದು ನಿಜವಾದರೂ, ಜೋಡಿಸುವ ಮುನ್ನ ಪರೀಕ್ಷಿಸಿದ್ದರೆ ದೋಷವು ಕಾಣುತ್ತಿತ್ತು. ಪರೀಕ್ಷಿಸದಿದ್ದುದು ಕಂಪೆನಿಯ ತಪ್ಪು. ಕುದುರೆಗಾಡಿಯ ಕಾಲದ ತೀರ್ಪುಗಳು ಮೋಟಾರಿನ ಕಾಲಕ್ಕೆ ಹೊಂದಲಾರವು. ಗಾಲಿಯನ್ನು ಕುರಿತ ಪ್ರಶ್ನೆಗೆ ಅಮೆರಿಕಾದಲ್ಲಿ ಹೀಗೆ ಉತ್ತರ ಹುಟ್ಟಿತು.

ಬಡವಳ ಸೀಸೆ

ಇಂಗ್ಲೆಂಡು ಸ್ಕಾಟ್‌ಲೆಂಡುಗಳಲ್ಲಿ ಆ ಗೋಡೆಯು ಇನ್ನೂ ನಿಂತೇ ಇತ್ತು. ಅದನ್ನು ಕೆಡವಿದವಳು ಒಬ್ಬ ಬಡ ಹೆಂಗಸು. ೧೯೨೮ರ ಆಗಸ್ಟ್ ೨೬ರ ಸಂಜೆ, ಗ್ಲಾಸ್ಗೋ ನಗರದ ಬಳಿಯ ಪೇಸ್ಲಿ ಎಂಬ ಊರಿನ ಉಪಾಹಾರಗೃಹಕ್ಕೆ ಡೊನೊಹ್ಯೂ ಎಂಬವಳು ತನ್ನ ಸ್ನೇಹಿತೆಯೊಡನೆ ಹೋದಳು. ಸ್ನೇಹಿತೆಯು ಹಣ ಕೊಟ್ಟು ಇವಳಿಗೆ ಶುಂಠಿಯ ಪಾನಕವನ್ನು ತರಿಸಿದಳು. ಸೀಸೆಯು ಒಳಗಿರುವುದು ಕಾಣದಂಥ ಕಪ್ಪು ಗಾಜಿನದು. ಸ್ವಲ್ಪ ಕುಡಿದ ಮೇಲೆ ಉಳಿದುದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳುವೊಂದು ಹೊರಗೆ ಬಂದಿತೆಂದೂ, ಅದರಿಂದ ತನಗೆ ಹೊಟ್ಟೆಯ ಬೇನೆಯೂ ಮನಸ್ಸಿಗೆ ಆಘಾತವೂ ಆದುವೆಂದೂ ಆಕೆಯ ಫಿರ್ಯಾದು. ಪಾನಕವನ್ನು ತಯಾರಿಸಿದ ಸ್ಟೀವನ್‌ಸನ್ ಎಂಬವನಿಂದ ೫೦೦ ಪೌಂಡು ಪರಿಹಾರ ಬೇಡಿದಳು.

ಇಲ್ಲಿ ಕರಾರು ಎಲ್ಲಿಯೂ ಇಲ್ಲ. ಪಾನಕವನ್ನು ಕೊಂಡವಳು ಸ್ನೇಹಿತೆ, ಮಾರಿದವನು ಉಪಾಹಾರಗೃಹದವನು, ಕುಡಿದವಳು ಇವಳು, ಮಾಡಿದವನು ಬೇರೊಬ್ಬ. ಕೆಲವೇ ವಾರಗಳ ಹಿಂದೆ, ಶುಂಠಿಯ ಪಾನಕದ ಸೀಸೆಯಲ್ಲಿ ಸತ್ತ ಇಲಿಯಿತ್ತೆಂಬ ಇಂಥದೇ ವ್ಯಾಜ್ಯವನ್ನು ಸ್ಕಾಟ್‌ಲೆಂಡಿನ ನ್ಯಾಯಸ್ಥಾನವು ತಳ್ಳಿಹಾಕಿತ್ತು. ಅದರಲ್ಲಿ ಸೋತ ವಕೀಲರಾದ ವಾಲ್ಟರ್ ಲೀಚ್‌ಮನ್ನರೇ ೧೯೨೯ರಲ್ಲಿ ಈ ಹೆಂಗಸಿನ ದಾವೆಯನ್ನೂ ಕೈಗೆತ್ತಿಕೊಂಡರು. ಲಂಡನ್ನಿನ ಹೌಸ್ ಆಫ್ ಲಾರ್ಡ್ಸಿಗೆ ಮೇಲ್ಮನವಿ ಹೋಗಬೇಕಾದಾಗ, ಉಟ್ಟ ಬಟ್ಟೆಯನ್ನೂ ಈ ವ್ಯಾಜ್ಯವನ್ನೂ ಬಿಟ್ಟರೆ ತನ್ನ ಸಕಲ ಆಸ್ತಿಯೂ ಸೇರಿ ಐದು ಪೌಂಡು ಬಾಳಲಾರದೆಂದು ಆಕೆ ಪ್ರಮಾಣ ಮಾಡಿ, ನಿರ್ಗತಿಕಳೆಂಬ ನೆಲೆಯಲ್ಲಿ ವಾದಿಸುವುದಕ್ಕೆ ಅಪ್ಪಣೆ ಪಡೆದಳು.

೧೯೩೨ರ ಮೇ ೨೬ರಂದು ತೀರ್ಪು ಬಂದಿತು. ಐವರಲ್ಲಿ ಮೂವರು ಅವಳ ಕಡೆಗೆ, ಇಬ್ಬರು ವಿರೋಧವಾಗಿ. ವಿರೋಧಿಸಿದವರಲ್ಲಿ ಒಬ್ಬರಾದ ಲಾರ್ಡ್ ಟಾಮ್ಲಿನ್ನರು ತೊಂಬತ್ತು ವರ್ಷಗಳ ಹಿಂದಿನ ವರ್ಸೇಲ್ಸಿನ ಅಚ್ಚನ್ನೇ ಮತ್ತೆ ನೆನಪಿಗೆ ತಂದರು. ಲಾರ್ಡ್ ಆಟ್ಕಿನ್ನರು ಬೇರೆ ದಾರಿಯನ್ನು ಹಿಡಿದರು. ನೆರೆಯವನನ್ನು ಪ್ರೀತಿಸೆಂಬುದು ಧರ್ಮದ ವಿಧಿ. ನ್ಯಾಯದ ಬಾಯಲ್ಲಿ ಅದು, ನೆರೆಯವನಿಗೆ ಹಾನಿ ಮಾಡಬೇಡವೆಂದಾಗುತ್ತದೆ. ಆದರೆ ನೆರೆಯವನು ಯಾರು? ಗೋಡೆಯ ಆಚೆ ಇರುವವನಷ್ಟೇ ಅಲ್ಲ. ಒಬ್ಬನು ಕೆಲಸ ಮಾಡುವಾಗ ಆ ಕೆಲಸವು ಯಾರನ್ನು ನೇರವಾಗಿ ತಟ್ಟುವುದೋ, ಯಾರನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿರತಕ್ಕದ್ದೋ, ಅವರೆಲ್ಲರೂ ಅವನ ನೆರೆಯವರೇ. ಸೀಸೆಯ ಬಾಯನ್ನು ಮುದ್ರೆ ಮಾಡಿ, ನಡುವೆ ಯಾರೂ ಪರೀಕ್ಷಿಸಲಾಗದಂತೆ ಕಳುಹಿಸಿದವನಿಗೆ, ಅದನ್ನು ತೆರೆದು ಕುಡಿಯುವವನೇ ನೆರೆಯವನು.

ಇದೇ ಮಾತಿನಲ್ಲಿ ಆಬಿಂಜರರ ಭಯಕ್ಕೂ ಉತ್ತರ ಅಡಗಿತ್ತು. ಹೊಣೆಗೆ ಮೇರೆ ಇಲ್ಲದೆ ಇಲ್ಲ. ಮೊದಲು ಆ ಮೇರೆಯು ಕರಾರಿನ ಕಾಗದವಾಗಿತ್ತು; ಈಗ ಅದು ವಿವೇಕಿಯ ಮುಂದಾಲೋಚನೆಯಾಯಿತು. ಕೌಟಿಲ್ಯನ ನಾವೆಯ ತತ್ತ್ವವೂ ಇದೇ ಅಲ್ಲವೆ? ತಳವನ್ನು ಕಾಣಲಾರದ ಪ್ರಯಾಣಿಕನ ಪರವಾಗಿ ತಳವನ್ನು ಕಾಣಬಲ್ಲ ಅಧ್ಯಕ್ಷನು ಹೊಣೆ.

ಇಷ್ಟಾದರೂ ಬಸವನಹುಳು ನಿಜವಾಗಿ ಸೀಸೆಯಲ್ಲಿತ್ತೇ ಎಂಬುದು ಯಾವ ನ್ಯಾಯಸ್ಥಾನದಲ್ಲಿಯೂ ಸಿದ್ಧವಾಗಲಿಲ್ಲ. ಆಕೆ ಹೇಳಿದುದೆಲ್ಲ ನಿಜವೆಂದಾದರೆ ಹಕ್ಕು ಉಂಟೇ ಎಂಬುದಷ್ಟೇ ಲಾರ್ಡುಗಳ ಮುಂದಿದ್ದ ಪ್ರಶ್ನೆ. ಸಾಕ್ಷಿಗಳ ವಿಚಾರಣೆಗೆ ಮೊದಲೇ ಸ್ಟೀವನ್‌ಸನ್ನನು ತೀರಿಕೊಂಡನು. ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಕಣ್ಣಿಗೆ ಬೀಳದೆ ಹೋದ ಒಂದು ಹುಳುವಿನಿಂದ ಅರ್ಧ ಪ್ರಪಂಚದ ನ್ಯಾಯವು ಬದಲಾಯಿತೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಮೂರು ವರ್ಷಗಳ ತರುವಾಯ, ೧೯೩೫ರಲ್ಲಿ, ಆಸ್ಟ್ರೇಲಿಯಾದ ಅಡಿಲೇಡಿನ ವೈದ್ಯರೊಬ್ಬರ ಮನವಿಯು ಪ್ರಿವಿ ಕೌನ್ಸಿಲಿಗೆ ಬಂದಿತು. ಹೊಸದಾಗಿ ಕೊಂಡ ಉಣ್ಣೆಯ ಒಳ ಉಡುಪನ್ನು ತೊಟ್ಟು, ಅದರಲ್ಲಿ ಉಳಿದಿದ್ದ ಗಂಧಕದ ಲವಣದಿಂದ ಅವರಿಗೆ ಚರ್ಮರೋಗವು ಹತ್ತಿತ್ತು. ಸೀಸೆಗೆ ಹೇಳಿದ ನ್ಯಾಯವು ಬಟ್ಟೆಗೂ ಸಲ್ಲುವುದೆಂದು ಅಲ್ಲಿ ತೀರ್ಮಾನವಾಯಿತು. ೧೯೪೯ರವರೆಗೆ ಭರತಖಂಡದ ವ್ಯಾಜ್ಯಗಳಿಗೂ ಅದೇ ಕಡೆಯ ಮೆಟ್ಟಲಾಗಿದ್ದುದರಿಂದ ಈ ತತ್ತ್ವವು ನಮ್ಮ ನ್ಯಾಯಸ್ಥಾನಗಳಿಗೂ ಬಂದು ಸೇರಿತು.

ತಪ್ಪಿಲ್ಲದಿದ್ದರೂ ಹೊಣೆ

ಆದರೆ ಇಲ್ಲಿಗೂ ನೊಂದವನ ಕಷ್ಟವು ತೀರಲಿಲ್ಲ. ತಯಾರಿಸಿದವನು ಅಜಾಗರೂಕನಾಗಿದ್ದನೆಂದು ಸಾಧಿಸುವ ಭಾರವು ನೊಂದವನ ಮೇಲೆಯೇ ಇತ್ತು. ಕಾರ್ಖಾನೆಯ ಬಾಗಿಲನ್ನೇ ಕಾಣದ ಗೃಹಿಣಿಯು ಒಳಗಿನ ಯಂತ್ರದ ಬಳಿ ಯಾರು ಯಾವಾಗ ತಪ್ಪಿದರೆಂದು ಹೇಗೆ ತೋರಿಸಬಲ್ಲಳು? ೧೯೪೪ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಉಪಾಹಾರಗೃಹದ ಪರಿಚಾರಿಕೆಯೊಬ್ಬಳ ಕೈಯಲ್ಲಿ ಕೋಕಾಕೋಲಾ ಸೀಸೆಯು ಸಿಡಿದು ಗಾಯವಾದ ವ್ಯಾಜ್ಯವು ನಡೆಯಿತು. ಅದರಲ್ಲಿ ನ್ಯಾಯಾಧೀಶ ರೋಜರ್ ಟ್ರೇನರರು ಬೇರೊಂದು ವಿಚಾರವನ್ನು ಮುಂದಿಟ್ಟರು. ಗಾಯದ ವೆಚ್ಚವು ಒಬ್ಬಳ ತಲೆಯ ಮೇಲೆ ಬಿದ್ದರೆ ಅವಳ ಬಾಳೇ ಮುಳುಗುತ್ತದೆ; ಕಾರ್ಖಾನೆಯಾದರೋ ವಿಮೆ ಮಾಡಿಸಿ ಆ ವೆಚ್ಚವನ್ನು ಎಲ್ಲ ಸೀಸೆಗಳ ಬೆಲೆಯಲ್ಲಿ ಚೂರುಚೂರಾಗಿ ಹಂಚಬಲ್ಲುದು. ಆದುದರಿಂದ ಅಜಾಗರೂಕತೆಯನ್ನು ಸಾಧಿಸದಿದ್ದರೂ, ದೋಷವಿದ್ದುದು ಸಿದ್ಧವಾದರೆ ಸಾಕು.

ಅಂದು ಅವರದು ಒಂಟಿ ದನಿ. ಹತ್ತೊಂಬತ್ತು ವರ್ಷಗಳ ಮೇಲೆ, ೧೯೬೩ರಲ್ಲಿ, ಹೆಂಡತಿಯು ಉಡುಗೊರೆಯಾಗಿ ಕೊಟ್ಟ ಮರಗೆಲಸದ ಯಂತ್ರದಿಂದ ಕೊರಡು ಸಿಡಿದು ಹಣೆಗೆ ಪೆಟ್ಟು ತಿಂದ ಗ್ರೀನ್‌ಮನ್ ಎಂಬವನ ವ್ಯಾಜ್ಯದಲ್ಲಿ ಅದೇ ಟ್ರೇನರರು ಬರೆದ ತೀರ್ಪಿನಿಂದ ಆ ದನಿಯೇ ಕ್ಯಾಲಿಫೋರ್ನಿಯಾದ ನ್ಯಾಯವಾಯಿತು.

ಯೂರೋಪು ಖಂಡದವರಿಗೆ ಈ ಪಾಠವನ್ನು ಕಲಿಸಿದುದು ಒಂದು ದೊಡ್ಡ ದುಃಖ. ಥಾಲಿಡೊಮೈಡ್ ಎಂಬ ನಿದ್ರೆಯ ಔಷಧವು ೧೯೫೭ರಲ್ಲಿ ಪಶ್ಚಿಮ ಜರ್ಮನಿಯ ಅಂಗಡಿಗಳಿಗೆ ಬಂದು, ೧೯೬೧ರ ನವೆಂಬರಿನವರೆಗೆ ಮಾರಾಟದಲ್ಲಿತ್ತು. ಗರ್ಭಿಣಿಯರು ಅದನ್ನು ಸೇವಿಸಿದುದರಿಂದ ಲೋಕದಲ್ಲೆಲ್ಲ ಸುಮಾರು ೧೦,೦೦೦ ಮಕ್ಕಳು ಕೈಕಾಲುಗಳು ಊನವಾಗಿ ಹುಟ್ಟಿದುವು. ೧೯೬೮ರಲ್ಲಿ ಜರ್ಮನಿಯಲ್ಲಿ ಆರಂಭವಾದ ಅಪರಾಧವಿಚಾರಣೆಯು ೧೯೭೦ರಲ್ಲಿ ತೀರ್ಪಿಲ್ಲದೆಯೇ ನಿಂತಿತು. ಮಕ್ಕಳಿಗೆ ಪರಿಹಾರವು ಬಂದುದು ಒಪ್ಪಂದದ ಮೂಲಕ. ತಪ್ಪನ್ನು ಸಾಧಿಸುವುದು ಎಷ್ಟು ಕಷ್ಟವೆಂಬುದನ್ನು ಎಲ್ಲರೂ ಕಂಡರು. ೧೯೮೫ರ ಜುಲೈ ೨೫ರಂದು ಯೂರೋಪಿನ ಸಮುದಾಯವು ಒಂದು ನಿರ್ದೇಶವನ್ನು ಹೊರಡಿಸಿತು. ಹಾನಿ, ವಸ್ತುವಿನ ದೋಷ, ಇವೆರಡರ ಕಾರ್ಯಕಾರಣ ಸಂಬಂಧ ಈ ಮೂರನ್ನು ನೊಂದವನು ತೋರಿಸಿದರೆ ಸಾಕು. ತಯಾರಿಸಿದವನ ತಪ್ಪನ್ನು ತೋರಿಸಬೇಕಾಗಿಲ್ಲ.

ನಮ್ಮ ದೇಶದ ವಿಧಿ

ಭರತಖಂಡದಲ್ಲಿ ೧೯೩೦ರ ಸರಕು ಮಾರಾಟದ ಶಾಸನವು, ಕೊಂಡವನು ಉದ್ದೇಶವನ್ನು ತಿಳಿಸಿ ಮಾರುವವನ ಕುಶಲತೆಯನ್ನು ನಂಬಿ ಕೊಂಡರೆ, ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂದು ವಿಧಿಸಿತು. ಆದರೆ ಅದು ಕೊಂಡವನಿಗೂ ಮಾರಿದವನಿಗೂ ನಡುವಿನ ಮಾತು. ೧೯೮೬ರ ಗ್ರಾಹಕ ಸಂರಕ್ಷಣಾ ಶಾಸನವು ಗ್ರಾಹಕನೆಂಬ ಮಾತಿನ ಅರ್ಥವನ್ನು ಹಿಗ್ಗಿಸಿ, ಕೊಂಡವನ ಒಪ್ಪಿಗೆಯಿಂದ ಉಪಯೋಗಿಸುವವನನ್ನೂ ಅದರಲ್ಲಿ ಸೇರಿಸಿತು. ಗಂಡನು ಕೊಂಡ ಒಲೆಯಿಂದ ಹೆಂಡತಿಗೆ ಸುಟ್ಟರೆ, ಸ್ನೇಹಿತೆಯು ಕೊಂಡ ಪಾನಕದಿಂದ ಇನ್ನೊಬ್ಬಳಿಗೆ ಬೇನೆಯಾದರೆ, ಆಕೆಯೂ ಗ್ರಾಹಕಳೇ. ಜಿಲ್ಲೆ ಜಿಲ್ಲೆಗೂ ಇದಕ್ಕಾಗಿ ವೇದಿಕೆಗಳು ಏರ್ಪಟ್ಟುವು.

ಆ ಶಾಸನದ ಬದಲಿಗೆ ಬಂದುದು ೨೦೧೯ರ ಶಾಸನ. ೨೦೨೦ರ ಜುಲೈ ೨೦ರಿಂದ ಜಾರಿಯಲ್ಲಿರುವ ಅದರ ಆರನೆಯ ಅಧ್ಯಾಯವು ದೋಷಯುಕ್ತ ಉತ್ಪನ್ನದ ಹೊಣೆಯನ್ನು ನೇರವಾಗಿ ಹೇಳುತ್ತದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಗೊತ್ತುಪಡಿಸಿದ ಅಳತೆಗೆ ತಪ್ಪಿದುದು, ಕೊಟ್ಟ ಭರವಸೆಗೆ ಹೊಂದದಿರುವುದು, ಸರಿಯಾದ ಸೂಚನೆಯನ್ನೋ ಎಚ್ಚರಿಕೆಯನ್ನೋ ಕೊಡದಿರುವುದು ಇವು ತಯಾರಕನ ಹೊಣೆಗೆ ಕಾರಣಗಳು. ಭರವಸೆಯನ್ನು ಕೊಡುವಾಗ ತನ್ನಲ್ಲಿ ಅಜಾಗರೂಕತೆಯಾಗಲಿ ಮೋಸವಾಗಲಿ ಇರಲಿಲ್ಲವೆಂದು ತೋರಿಸಿದ ಮಾತ್ರಕ್ಕೆ, ಭರವಸೆಗೆ ಹೊಂದದ ಸರಕಿನ ಹೊಣೆಯು ತಯಾರಕನಿಗೆ ತಪ್ಪದು. ತಯಾರಕನ ಗುರುತೇ ಸಿಕ್ಕದಿದ್ದರೆ ಮಾರಿದವನು ಹೊಣೆ. ಹಾಗೆಂದು ನೊಂದವನಿಗೆ ಕರ್ತವ್ಯವಿಲ್ಲವೆಂದಲ್ಲ. ವಸ್ತುವನ್ನು ದುರುಪಯೋಗ ಮಾಡಿದ್ದರೆ, ತನ್ನ ಇಚ್ಛೆಯಂತೆ ಮಾರ್ಪಡಿಸಿದ್ದರೆ, ಮಾರಿದವನನ್ನು ಕೇಳುವಂತಿಲ್ಲ. ಚಾಕು ಕೊಯ್ಯುತ್ತದೆಂಬಂಥ ಎಲ್ಲರಿಗೂ ತಿಳಿದ ಅಪಾಯಕ್ಕೆ ಎಚ್ಚರಿಕೆ ಕೊಡಲಿಲ್ಲವೆಂದು ತಯಾರಕನನ್ನು ದೂರುವಂತೆಯೂ ಇಲ್ಲ. ಅಕುಶಲನ ಬಂಡಿಯನ್ನು ಏರಿದವನಿಗೂ ದಂಡವುಂಟೆಂದ ಮನುವಿನ ವಿವೇಕದ ಛಾಯೆಯು ಇಲ್ಲಿ ಕಾಣುತ್ತದೆ.

ಉಪಸಂಹಾರ

ಈ ಚರಿತ್ರೆಯಲ್ಲಿ ಶಾಸನವು ಯಾವಾಗಲೂ ಗಾಯದ ಹಿಂದೆ ಬಂದಿದೆಯೇ ಹೊರತು ಮುಂದೆ ಹೋಗಿಲ್ಲ. ಕುಂಟನಾದ ಸಾರಥಿಗೆ ಬರಿಗೈಯೇ ಗತಿಯಾಯಿತು. ಅವನು ಕೇಳಿದ ಪ್ರಶ್ನೆಯ ಫಲವು ದೊರೆತುದು ಅವನನ್ನು ಕಾಣದ ಕಾಲದವರಿಗೆ. ಈಗಲೂ 'ಗಾಡಿ' ಎಂಬ ಮಾತಿನ ಅರ್ಥವು ಬೆಳೆಯುತ್ತಲೇ ಇದೆ. ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನೂ ಉತ್ಪನ್ನವೆಂದೇ ಎಣಿಸಬೇಕೆಂದು ಯೂರೋಪಿನ ಒಕ್ಕೂಟವು ೨೦೨೪ರಲ್ಲಿ ಹೊಸ ನಿರ್ದೇಶವನ್ನು ಮಾಡಿದೆ. ಕಣ್ಣಿಗೆ ಕಾಣದ ಅಕ್ಷರಗಳೂ ಗಾಲಿಯಂತೆ ಮುರಿಯಬಲ್ಲವು.

ಗೃಹಸ್ಥರಿಗೆ ಇದರಿಂದ ತಿಳಿಯತಕ್ಕ ವ್ಯಾವಹಾರಿಕ ಮಾತೂ ಒಂದುಂಟು. ಹಕ್ಕು ಎಷ್ಟೇ ದೊಡ್ಡದಾದರೂ, ಯಾರ ಸರಕೆಂದು ತೋರಿಸಲಾರದವನಿಗೆ ಅದರಿಂದ ಪ್ರಯೋಜನ ಕಡಮೆ. ಕೊಂಡ ರಸೀತಿಯನ್ನು ಜೋಪಾನವಾಗಿಡುವುದು, ಕೆಟ್ಟ ವಸ್ತುವನ್ನು ಕೋಪದಿಂದ ಎಸೆಯದೆ ಹಾಗೆಯೇ ತೆಗೆದಿಡುವುದು, ಚೀಟಿಯ ಮೇಲಿನ ಸೂಚನೆಯನ್ನು ಓದುವುದು, ಇವು ಸಣ್ಣ ಕೆಲಸಗಳು. ವಿಷವನ್ನು ಕುಡಿದ ಆ ಗೃಹಿಣಿಯ ಪರವಾಗಿ ನಿಂತು ಮಾತನಾಡಿದುದು ಭರಣಿಯ ಮೇಲಿನ ಒಂದು ಚೀಟಿಯೇ ಅಲ್ಲವೆ?

ಊರ ಬಡಗಿಗೆ ಕೊಳ್ಳುವವನ ಮುಖವು ಗೊತ್ತಿತ್ತು. ಆ ಮುಖದ ದಾಕ್ಷಿಣ್ಯವೇ ಅವನ ಕೈಯನ್ನು ನೆಟ್ಟಗಿಡುತ್ತಿತ್ತು. ಸಾವಿರ ಹರಿದಾರಿಯಾಚೆ ಯಂತ್ರದ ಮುಂದೆ ನಿಂತವನಿಗೆ ಆ ಮುಖವು ಕಾಣದು. ಕಾಣದ ಮುಖವನ್ನು ಅವನ ಕಣ್ಣ ಮುಂದೆ ನಿಲ್ಲಿಸುವುದೇ ಈ ವಿಧಿಗಳ ಕೆಲಸ. ಗಾಲಿಯನ್ನು ಮಾಡಿದವನು ಗಾಲಿಗೆ ಹೊಣೆ. ಬಿದ್ದವನು ಏಳುವುದಕ್ಕೆ ತಗಲುವ ವೆಚ್ಚವು ಬೀಳಿಸಿದವನದು. ಇಷ್ಟನ್ನು ಹೇಳುವುದಕ್ಕೆ ಲೋಕವು ಅಷ್ಟು ಕಾಲ ತೆಗೆದುಕೊಂಡಿತು.